ಕಾಲೇಜಿನ ಅಂಗಳದಲ್ಲಿ ಫೋಟೊ ಜರ್ನಲಿಸಂ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜುಗಳಲ್ಲಿ ಫೋಟೊ ಜರ್ನಲಿಸಂ, ಅಂದರೆ ಸುದ್ದಿಚಿತ್ರ ತೆಗೆಯುವುದರ ಕಾರ್ಯಾಗಾರ ಮುಗಿದು ಎಲ್ಲರೂ ಚಹಾ ಕುಡಿಯುವಾಗ ಒಬ್ಬೊಬ್ಬರೇ ಹತ್ತಿರ ಬಂದು ಕೇಳುವ ಪ್ರಶ್ನೆಗಳಿವು. ಕೆಲವರು ಆಮೇಲೆ ಪತ್ರ ಬರೆದು ಕೇಳಿದ್ದಾರೆ. ಇನ್ನು ಕೆಲವರು ರಾತ್ರಿ ಹನ್ನೊಂದಕ್ಕೆ ಮೊಬೈಲಿಗೆ ಫೋಟೊ ಕಳಿಸಿ "ನಿಜ ಹೇಳಿ ಸರ್, ಹೇಗಿದೆ?" ಅಂದಿದ್ದಾರೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಸುಲಭದವು ಮೊದಲು, ಕಷ್ಟದವು ಆಮೇಲೆ.

## ಶುರು ಮಾಡುವ ಮುನ್ನ

ಕಾಲೇಜ್ ಫೆಸ್ಟಲ್ಲಿ ಫೋಟೊ ತೆಗೀತೀನಿ. ಅದೇ ಫೋಟೊ ಜರ್ನಲಿಸಂ ಅಲ್ವಾ?

ಅರ್ಧ ದಾರಿ ಬಂದಿದ್ದೀರಿ. ಚೆಂದದ ಚಿತ್ರ ತೆಗೆಯುವುದು ಒಳ್ಳೆಯ ಅಭ್ಯಾಸವೇ. ಆದರೆ ಸುದ್ದಿಚಿತ್ರದಲ್ಲಿ ಅಲ್ಲಿ ನಡೆದದ್ದು ಮಾತ್ರ ಇರಬೇಕು. ಅದು ಯಾರು, ಎಲ್ಲಿ, ಯಾವಾಗ ಎಂದು ನಿಮಗೆ ಖಚಿತವಾಗಿ ಗೊತ್ತಿರಬೇಕು. ಮದುವೆಯ ಫೋಟೊಗ್ರಾಫರ್ "ಇನ್ನೊಮ್ಮೆ ಹಾರ ಹಾಕಿ, ಸ್ವಲ್ಪ ಈ ಕಡೆ ನೋಡಿ" ಅನ್ನಬಹುದು, ಅವರ ಕೆಲಸ ಅದು. ನೀವು ಹಾಗನ್ನುವಂತಿಲ್ಲ. ಹಾರ ಜಾರಿ ಬಿದ್ದರೆ ಬಿದ್ದ ಹಾರವನ್ನೇ ತೆಗೆಯಬೇಕು.

ಕ್ಯಾಂಪಸ್ಸಿನಲ್ಲೇ ಕಲಿಯಿರಿ ಎಂದು ನಾನು ಹಟ ಹಿಡಿದು ಹೇಳುವುದಕ್ಕೆ ಒಂದು ಕಾರಣವಿದೆ. ಇವತ್ತು ಯಾರ ಚಿತ್ರ ತೆಗೆದಿರೋ ಅವರು ನಾಳೆ ಬೆಳಿಗ್ಗೆ ಕ್ಯಾಂಟೀನಿನಲ್ಲಿ ಎದುರು ಸಿಗುತ್ತಾರೆ. "ನನ್ನನ್ನ ಯಾಕೆ ಹಾಗೆ ತೋರಿಸಿದ್ದು?" ಎಂದು ಕೇಳುತ್ತಾರೆ. ಗೊತ್ತಿಲ್ಲದ ಊರಿಗೆ ಹೋಗಿ ತೆಗೆದು ಬಂದವರಿಗೆ ಈ ಪ್ರಶ್ನೆ ಎದುರಾಗುವುದು ಕಮ್ಮಿ. ನಿಮಗೆ ದಿನಾ ಎದುರಾಗುತ್ತದೆ. ಅದಕ್ಕೆ ಉತ್ತರ ಕೊಡಲು ಕಲಿತವರು ಮುಂದೆ ಎಲ್ಲಿ ಕೆಲಸ ಮಾಡಿದರೂ ಜನರನ್ನು ನೋಯಿಸದೆ ನಿಜ ತೋರಿಸುತ್ತಾರೆ.

ಕ್ಯಾಮೆರಾ ಇಲ್ಲ, ಮೊಬೈಲ್ ಮಾತ್ರ ಇದೆ. ನಡೆಯುತ್ತಾ?

ನಡೆಯುತ್ತದೆ. ಮೊದಲ ಆರು ತಿಂಗಳು ಮೊಬೈಲೇ ಸಾಕು. ಝೂಮ್ ಮಾಡಬೇಡಿ, ನಡೆದು ಹತ್ತಿರ ಹೋಗಿ. ಬ್ಯೂಟಿ ಮೋಡ್, ಹಿನ್ನೆಲೆ ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಎರಡನ್ನೂ ಆಫ್ ಮಾಡಿ. ಅವು ಇಲ್ಲದ್ದನ್ನು ಸೇರಿಸುತ್ತವೆ, ಇರುವುದನ್ನು ಅಳಿಸುತ್ತವೆ.

ಕ್ಯಾಮೆರಾ ಕೊಳ್ಳುವ ಹಂತ ಬಂದರೆ ಸೆಕೆಂಡ್ ಹ್ಯಾಂಡ್ ಬಾಡಿ (ಲೆನ್ಸ್ ಇಲ್ಲದ ಬರೀ ಕ್ಯಾಮೆರಾ), ಜೊತೆಗೆ 18-55 ಎಂ.ಎಂ. ಕಿಟ್ ಲೆನ್ಸ್ (ಸಾಮಾನ್ಯವಾಗಿ ಕ್ಯಾಮೆರಾ ಜೊತೆಗೇ ಬರುವ ಲೆನ್ಸ್) ತೆಗೆದುಕೊಳ್ಳಿ. ಇನ್ನೂ ದುಡ್ಡು ಉಳಿದರೆ 50 ಎಂ.ಎಂ. ಎಫ್ 1.8 ಲೆನ್ಸ್. ಬೆಲೆ ಕಮ್ಮಿ, ಮಬ್ಬು ಬೆಳಕಿನಲ್ಲೂ ಕೈ ಕೊಡುವುದಿಲ್ಲ. ಆದರೆ ಚಿಕ್ಕ ಸೆನ್ಸರ್‌ನ ಕ್ಯಾಮೆರಾದಲ್ಲಿ ಅದು 75ರಿಂದ 80 ಎಂ.ಎಂ. ಲೆನ್ಸಿನ ಹಾಗೆ ಕಮ್ಮಿ ಜಾಗವನ್ನಷ್ಟೇ ತೋರಿಸುತ್ತದೆ. ಹಾಸ್ಟೆಲ್ ರೂಮಿನಲ್ಲಿ ಗೋಡೆಗೆ ಬೆನ್ನು ತಾಗುವಷ್ಟು ಹಿಂದೆ ಸರಿಯಬೇಕಾಗುತ್ತದೆ. ಆ ಜಾಗಕ್ಕೆ ಕಿಟ್ ಲೆನ್ಸೇ ಮೇಲು.

ನಮ್ಮ ಕಾಲೇಜಲ್ಲಿ ಏನೂ ನಡೆಯೋದೇ ಇಲ್ಲ. ಏನು ತೆಗೀಲಿ?

ಈ ಪ್ರಶ್ನೆ ಕೇಳದ ಕಾಲೇಜನ್ನು ನಾನು ಕಂಡಿಲ್ಲ. ಹೋಮಾಯಿ ವ್ಯಾರವಾಲಾ ಹೆಸರು ಕೇಳಿರಬಹುದು. 1913ರಲ್ಲಿ ಗುಜರಾತಿನ ನವಸಾರಿಯಲ್ಲಿ ಹುಟ್ಟಿದವರು, ಭಾರತದ ಮೊದಲ ಮಹಿಳಾ ಫೋಟೊ ಜರ್ನಲಿಸ್ಟ್. ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಓದುವಾಗ ಅವರು ತೆಗೆದದ್ದು ಜೊತೆಯಲ್ಲಿ ಓದುವ ಹುಡುಗಿಯರನ್ನು, ಸುತ್ತಲಿನ ಮುಂಬೈಯನ್ನು. ಅವರಿಗೆ ಸಿಕ್ಕ ಮೊದಲ ಕೆಲಸ ಒಂದು ಪಿಕ್ನಿಕ್‌ನ ಚಿತ್ರ ತೆಗೆಯುವುದು. ಯುದ್ಧವಲ್ಲ, ಚುನಾವಣೆಯಲ್ಲ, ಪಿಕ್ನಿಕ್. ಸ್ವಾತಂತ್ರ್ಯದ ದಿನಗಳ ದೆಹಲಿಯನ್ನು ಅವರು ತೆಗೆದದ್ದು ಆಮೇಲೆ.

ನಮ್ಮ ಮೈಸೂರಿನವರೇ ಆದ ಫೋಟೊ ಜರ್ನಲಿಸ್ಟ್ ಟಿ.ಎಸ್. ಸತ್ಯನ್ (1923-2009) ಮಹಾರಾಜ ಕಾಲೇಜಿನಲ್ಲಿ ಓದಿದವರು. ದೊಡ್ಡ ನಾಯಕರನ್ನೂ ತೆಗೆದರು, ಆದರೆ ಹೆಚ್ಚು ಮನಸ್ಸಿಟ್ಟದ್ದು ಸಾಮಾನ್ಯ ಜನರ ಮೇಲೆ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳನ್ನು ಯುನಿಸೆಫ್ ನ್ಯೂಯಾರ್ಕಿನಲ್ಲಿ ಪ್ರದರ್ಶನಕ್ಕಿಟ್ಟಿತು.

ಈಗ ನಿಮ್ಮ ಕಾಲೇಜನ್ನೇ ನೋಡಿ. ಬೆಳಿಗ್ಗೆ ಆರಕ್ಕೆ ಎನ್‌ಸಿಸಿ ಹುಡುಗಿಯರು ಶೂ ಪಾಲಿಶ್ ಮಾಡುತ್ತಾರೆ. ಬಸ್ ಪಾಸ್ ಅರ್ಜಿಗೆ ಕಿಟಕಿ ಮುಂದೆ ಸಾಲು ನಿಂತಿರುತ್ತದೆ. ಲೈಬ್ರರಿಯ ಅಟೆಂಡರ್ ಹರಿದ ಪುಸ್ತಕಕ್ಕೆ ಗೋಂದು ಹಚ್ಚುತ್ತಿರುತ್ತಾರೆ. ಏನೂ ನಡೆಯುತ್ತಿಲ್ಲ ಅನ್ನಿಸಿದ್ದು ನೀವು ಬರೀ ವೇದಿಕೆ ನೋಡುತ್ತಿದ್ದದ್ದಕ್ಕೆ.

ಯಾವ ಕ್ಲಬ್ಬಿಂದ ಶುರು ಮಾಡ್ಲಿ?

ವಾರಕ್ಕೆ ಎರಡು ಸಲವಾದರೂ ಸೇರುವ, ಕೈಯಲ್ಲಿ ಏನಾದರೂ ಮಾಡುವ ಗುಂಪನ್ನು ಆರಿಸಿ. ನಾಟಕ ತಂಡ, ಯಕ್ಷಗಾನ ತಂಡ, ಕಬಡ್ಡಿ ಟೀಮು, ಎನ್ಎಸ್ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕ. ಬರೀ ಕೂತು ಚರ್ಚೆ ಮಾಡುವ ಕ್ಲಬ್ ಮೊದಲಿಗೆ ಬೇಡ, ಅದು ಕಷ್ಟ.

ಹೊಸಬರಿಗೆ ನನ್ನ ಸಲಹೆ ಎನ್ಎಸ್ಎಸ್. 1969ರಿಂದ ನಡೆಯುತ್ತಿರುವ ಯೋಜನೆ. ಪ್ರತಿ ಸ್ವಯಂಸೇವಕರೂ ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕು, ಹಳ್ಳಿಯಲ್ಲಿ ಏಳು ದಿನದ ಶಿಬಿರವೂ ಇರುತ್ತದೆ. ಆ ಏಳು ದಿನ ಒಂದೇ ಜನ, ಒಂದೇ ಊರು. ಮೊದಲ ದಿನ ಎಲ್ಲರೂ ನಿಮ್ಮ ಕ್ಯಾಮೆರಾ ನೋಡುತ್ತಾರೆ. ನಾಲ್ಕನೇ ದಿನ ಸಾಂಬಾರಿಗೆ ತರಕಾರಿ ಹೆಚ್ಚುವಾಗ ಯಾರಿಗೂ ಅದರ ನೆನಪಿರುವುದಿಲ್ಲ. ಇಷ್ಟು ಒಳ್ಳೆಯ ಪಾಠಶಾಲೆ ದುಡ್ಡು ಕೊಟ್ಟರೂ ಸಿಗುವುದಿಲ್ಲ.

## ಕ್ಯಾಮೆರಾ ಕೈಯಲ್ಲಿ ಹಿಡಿದ ಮೇಲೆ

ಹೋಗಿ ಮಾತಾಡಿಸೋಕೆ ಮುಜುಗರ ಆಗುತ್ತೆ. ದೂರದಿಂದ ಝೂಮಲ್ಲಿ ತೆಗೆದ್ರೆ ಆಗಲ್ವಾ?

ಆಟೋಟಕ್ಕೆ ಆಗುತ್ತದೆ, ಜನರಿಗೆ ಆಗುವುದಿಲ್ಲ. ದೂರದಿಂದ ತೆಗೆದದ್ದರಲ್ಲಿ ಕದ್ದು ನೋಡಿದ ಭಾವ ಬರುತ್ತದೆ.

ಮೊದಲ ಎರಡು ದಿನ ಕ್ಯಾಮೆರಾ ಹೆಗಲಲ್ಲೇ ಇರಲಿ. ತಂಡದ ನಾಯಕರಿಗೋ ಸಂಚಾಲಕ ಮೇಷ್ಟ್ರಿಗೋ "ಒಂದು ತಿಂಗಳು ನಿಮ್ಮ ಜೊತೆ ಇರ್ತೀನಿ, ಕಲಿಯೋಕೆ ತೆಗೀತಿದ್ದೀನಿ" ಎಂದು ನೇರ ಹೇಳಿ. ಚಾಪೆ ಹಾಸುವಾಗ ಒಂದು ತುದಿ ಹಿಡಿಯಿರಿ. ಚಹಾ ಬಂದರೆ ಕುಡಿಯಿರಿ. ಮುಜುಗರ ನಿಮಗೊಬ್ಬರಿಗೇ ಅಲ್ಲ, ಅವರಿಗೂ ಇರುತ್ತದೆ. ಅದು ಹೋಗುವುದು ಹೆಸರು ಗೊತ್ತಾದ ಮೇಲೆ.

ಕ್ಯಾಮೆರಾ ಎತ್ತಿದ ಕೂಡಲೇ ಎಲ್ರೂ ಎರಡು ಬೆರಳು ತೋರ್ಸಿ ಪೋಸ್ ಕೊಡ್ತಾರೆ. ಏನ್ಮಾಡೋದು?

ಪೋಸ್ ಕೊಟ್ಟರೆ ತೆಗೆಯಿರಿ, ತೋರಿಸಿ, ಅವರಿಗೆ ಕಳಿಸಿ. ಆ ಆಸೆ ತೀರಬೇಕು. ತೀರಿದ ಮೇಲೆ ಅಲ್ಲೇ ಉಳಿಯಿರಿ. ಸುಮಾರು ಇಪ್ಪತ್ತು ನಿಮಿಷಕ್ಕೆ ಅವರು ತಮ್ಮ ಕೆಲಸಕ್ಕೆ ಮರಳುತ್ತಾರೆ. ನಿಮ್ಮ ಕೆಲಸ ಶುರುವಾಗುವುದು ಆಗ. ಗ್ರೂಪ್ ಫೋಟೊ ಮುಗಿದು ಸಾಲು ಚದುರುವ ಹೊತ್ತಿನಲ್ಲಿ, ನಗು ಸಡಿಲಾಗಿ ಒಬ್ಬರ ಭುಜಕ್ಕೆ ಇನ್ನೊಬ್ಬರು ಒರಗುವ ಕ್ಷಣದಲ್ಲಿ, ನನಗೆ ಎಷ್ಟೋ ಒಳ್ಳೆಯ ಚಿತ್ರಗಳು ಸಿಕ್ಕಿವೆ.

ಉದ್ಘಾಟನೆ, ದೀಪ, ಶಾಲು, ಸ್ಮರಣಿಕೆ. ಎಲ್ಲಾ ಕಾರ್ಯಕ್ರಮದ ಫೋಟೊನೂ ಒಂದೇ ಥರ ಬರುತ್ತಲ್ಲ?

ಬರುತ್ತದೆ, ಯಾಕೆಂದರೆ ಎಲ್ಲರೂ ವೇದಿಕೆಯ ಮುಂದೆ ಒಂದೇ ಜಾಗದಲ್ಲಿ ನಿಲ್ಲುತ್ತಾರೆ. ದೀಪ ಬೆಳಗಿಸುವ ಚಿತ್ರ ಒಂದು ತೆಗೆದುಬಿಡಿ. ಕಾಲೇಜಿನ ದಾಖಲೆಗೆ ಅದು ಬೇಕು, ತೆಗೆಯದಿದ್ದರೆ ಸಂಘಟಕರಿಗೆ ಬೇಜಾರಾಗುತ್ತದೆ. ಆಮೇಲೆ ತಿರುಗಿ ನಿಲ್ಲಿ. ಸಭೆಯನ್ನು ನೋಡಿ, ವೇದಿಕೆಯ ಪಕ್ಕದ ಸೈಡ್ ವಿಂಗ್‌ಗೆ ಹೋಗಿ. ಪ್ರಾರ್ಥನೆ ಹಾಡಬೇಕಾದ ಹುಡುಗಿ ಚೀಟಿ ಹಿಡಿದು ತುಟಿ ಅಲುಗಿಸುತ್ತಿರುತ್ತಾಳೆ. ನಿರೂಪಣೆ ಮಾಡುವವನು ಅತಿಥಿಗಳ ಹೆಸರನ್ನು ಅಂಗೈಯಲ್ಲಿ ಬರೆದುಕೊಂಡಿರುತ್ತಾನೆ. ಕಾರ್ಯಕ್ರಮ ಶುರುವಾಗುವ ಒಂದು ಗಂಟೆ ಮುಂಚೆ ಬಂದು, ಮುಗಿದು ಒಂದು ಗಂಟೆ ಆದ ಮೇಲೆ ಹೋಗಿ.

ಸಭಾಂಗಣದಲ್ಲಿ ತೆಗೆದ್ರೆ ಫೋಟೊ ಮೇಲೆ ಕಪ್ಪು ಪಟ್ಟೆ ಬರುತ್ತೆ. ಕ್ಯಾಮೆರಾ ಕೆಟ್ಟಿದೆಯಾ?

ಕೆಟ್ಟಿಲ್ಲ. ನಮ್ಮ ಕರೆಂಟು 50 ಹರ್ಟ್ಸ್. ಅದರಿಂದ ಉರಿಯುವ ಎಷ್ಟೋ ಟ್ಯೂಬ್‌ಲೈಟು, ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, ವೇಗದ ಶಟರ್‌ಗೆ ಗೊತ್ತಾಗುತ್ತದೆ. ಶಟರ್ ವೇಗವನ್ನು, ಅಂದರೆ ಅದು ಬೆಳಕಿಗೆ ತೆರೆದಿರುವ ಹೊತ್ತನ್ನು, ಸೆಕೆಂಡಿನ 1/100 ಅಥವಾ 1/50ಕ್ಕೆ ಇಳಿಸಿ, ಬಹುಪಾಲು ಸರಿಹೋಗುತ್ತದೆ. ಸೈಲೆಂಟ್ ಶಟರ್ ಹಾಕಿದ್ದರೆ ಆಫ್ ಮಾಡಿ, ಅದರಲ್ಲಿ ಪಟ್ಟೆ ಇನ್ನೂ ಜಾಸ್ತಿ. 1/100ರಲ್ಲಿ ಜನ ಅಲುಗಿದರೆ ಮಸುಕಾಗುತ್ತಾರೆ, ಆದ್ದರಿಂದ ಮಾತಿನ ನಡುವೆ ನಿಲ್ಲುವ ಕ್ಷಣಕ್ಕೆ ಕಾಯಿರಿ. ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬ ಅಳತೆ) 3200ಕ್ಕೆ ಏರಿಸಲು ಹೆದರಬೇಡಿ. ಕಾಳು ಕಾಳಾದ ಚಿತ್ರವನ್ನು ಜನ ನೋಡುತ್ತಾರೆ, ಅಲುಗಿದ ಮುಖವನ್ನು ನೋಡುವುದಿಲ್ಲ. ನಾಟಕದ ನಡುವೆ ಫ್ಲ್ಯಾಶ್ ಮಾತ್ರ ಹೊಡೆಯಲೇಬೇಡಿ. ತಿಂಗಳುಗಟ್ಟಲೆ ತಾಲೀಮು ಮಾಡಿದವರ ಬೆಳಕಿನ ವಿನ್ಯಾಸ ಒಂದೇ ಕ್ಷಣದಲ್ಲಿ ಹಾಳಾಗುತ್ತದೆ.

ಕಬಡ್ಡಿ, ಖೋ ಖೋ ತೆಗೆದ್ರೆ ಬರೀ ಬೆನ್ನುಗಳೇ ಸಿಗ್ತವೆ.

ಆಟ ಗೊತ್ತಿದ್ದರೆ ಮುಖ ಸಿಗುತ್ತದೆ. ಕಬಡ್ಡಿಯಲ್ಲಿ ಒಂದು ರೈಡಿಗೆ 30 ಸೆಕೆಂಡು. ರೈಡರ್ ಒಳಗೆ ಬರುವಾಗ ಅವನ ಮುಖ ಹಿಡಿಯುವವರ ಕಡೆಗಿರುತ್ತದೆ. ಹಾಗಾಗಿ ಹಿಡಿಯುವ ತಂಡದ ಹಿಂದಿನ ಗೆರೆಯಾಚೆ ಕುಕ್ಕರಗಾಲಲ್ಲಿ ಕೂತರೆ ಆ ಕಣ್ಣು ಸಿಗುತ್ತದೆ. ಆದರೆ ನಿಜವಾದ ಜಗ್ಗಾಟ ವಾಪಸ್ ಹೋಗುವಾಗ. ನಾಲ್ಕು ಜನ ಕಾಲು ಹಿಡಿದಿರುತ್ತಾರೆ, ಅವನು ನಡುಗೆರೆಗೆ ಕೈ ಚಾಚಿರುತ್ತಾನೆ. ಅದು ಬೇಕಾದರೆ ರೈಡರ್ ಕಡೆಯ ಅಂಕಣದ ಹೊರಗೆ ಇರಬೇಕು. ಎರಡನ್ನೂ ಒಂದೇ ಪಂದ್ಯದಲ್ಲಿ ಹಿಡಿಯಲು ಹೋಗಬೇಡಿ. ಮೊದಲರ್ಧ ಒಂದು ಕಡೆ, ಎರಡನೆಯರ್ಧ ಇನ್ನೊಂದು ಕಡೆ.

ಖೋ ಖೋದಲ್ಲಿ ಎಂಟು ಜನ ಸಾಲಾಗಿ, ಒಬ್ಬರು ಈ ಕಡೆ ಒಬ್ಬರು ಆ ಕಡೆ ಮುಖ ಮಾಡಿ ಕೂತಿರುತ್ತಾರೆ. ಕಂಬದ ಹತ್ತಿರ ಓರೆಯಾಗಿ ಜಾಗ ಹಿಡಿಯಿರಿ. ಓಡುವವರು ಕಂಬ ಸುತ್ತುವಾಗ, ಅಟ್ಟುವವರು ಕಂಬ ಹಿಡಿದು ಮೈಚಾಚಿ ಬೀಳುವಾಗ ಎಲ್ಲವೂ ಅಲ್ಲೇ ಆಗುತ್ತದೆ. ಹಗಲು ಬೆಳಕಿನಲ್ಲಿ ಶಟರ್ 1/1000 ಇಡಿ, ಸಂಜೆಯಾದರೆ 1/500. ಸೋತ ತಂಡದ ಹತ್ತಿರವೂ ಹೋಗಿ. ಆದರೆ ಅಳುತ್ತಿರುವವರ ಮುಖಕ್ಕೆ ಲೆನ್ಸ್ ಹಿಡಿಯುವ ಮುನ್ನ ಒಮ್ಮೆ ಕಣ್ಣಲ್ಲೇ ಕೇಳಿ.

## ತೆಗೆದ ಮೇಲೆ

ಕ್ಯಾಪ್ಷನ್‌ನಲ್ಲಿ ಏನು ಬರೀಬೇಕು? ಫೋಟೊನೇ ಎಲ್ಲಾ ಹೇಳುತ್ತಲ್ಲ?

ಹೇಳುವುದಿಲ್ಲ. ಯಾರು, ಏನು ಮಾಡುತ್ತಿದ್ದಾರೆ, ಎಲ್ಲಿ, ಯಾವ ದಿನ ಎಂಬುದನ್ನು ಎರಡು ವಾಕ್ಯದಲ್ಲಿ ಬರೆಯಿರಿ. "ಸಂಭ್ರಮದಲ್ಲಿ ಮಿಂದೆದ್ದ ವಿದ್ಯಾರ್ಥಿಗಳು" ಎಂದು ಬರೆದರೆ ಓದುಗರಿಗೆ ಏನೂ ಸಿಗುವುದಿಲ್ಲ. ಚಿತ್ರದಲ್ಲಿ ಕಾಣದ ಒಂದು ಸಂಗತಿ ಸೇರಿಸಿ: ಮೂರು ವರ್ಷದ ಮೇಲೆ ಗೆದ್ದದ್ದು, ಬರಿಗಾಲಲ್ಲಿ ಆಡಿದ್ದು.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಒಂದು ಕಾಲೇಜಿನ ವಾರ್ಷಿಕ ಸಂಚಿಕೆಗೆ ಇಬ್ಬರು ಓಟಗಾರ್ತಿಯರ ಚಿತ್ರ ಕೊಟ್ಟಿದ್ದೆ. ಹೆಸರು ಅದಲುಬದಲಾಯಿತು. ಗೆದ್ದವಳ ತಂದೆ ಆ ಪುಟವನ್ನು ಫ್ರೇಮ್ ಹಾಕಿಸಲೆಂದು ಪೇಟೆಗೆ ತಂದಿದ್ದರು. ಅಂಗಡಿಯಲ್ಲಿ ಯಾರೋ ಓದಿ ಹೇಳಿದ ಮೇಲೆ ಗೊತ್ತಾಯಿತಂತೆ, ಮಗಳ ಚಿತ್ರದ ಕೆಳಗೆ ಬೇರೆಯವಳ ಹೆಸರು. ಆ ಹುಡುಗಿ ನನಗೆ ಬಯ್ಯಲಿಲ್ಲ. "ಪರವಾಗಿಲ್ಲ ಸರ್" ಅಂದಳು. ಅದು ಇವತ್ತಿಗೂ ನೋಯುತ್ತದೆ. ಅಂದಿನಿಂದ ಜೇಬಿನಲ್ಲಿ ಸಣ್ಣ ನೋಟ್‌ಬುಕ್ ಇದೆ. ಹೆಸರನ್ನು ಅವರ ಕೈಯಲ್ಲೇ ಬರೆಸುತ್ತೇನೆ. ಇನಿಶಿಯಲ್, ತರಗತಿ, ಊರು, ಜೊತೆಗೆ "ಕೆಂಪು ಜರ್ಸಿ, ಎಡಗಡೆ" ಎಂಬ ಗುರುತು. ನೀವೂ ಹಾಗೆ ಮಾಡಿ, ಆ ದಿನವೇ ಮಾಡಿ.

ಎಷ್ಟು ಎಡಿಟ್ ಮಾಡಬಹುದು? ಹಿಂದೆ ಕಸದ ಬುಟ್ಟಿ ಬಂದಿದೆ, ಅಳಿಸ್ಲಾ?

ಅಳಿಸಬೇಡಿ. ಬೆಳಕು ಹೆಚ್ಚು ಕಮ್ಮಿ ಮಾಡಿ, ಬಣ್ಣ ಸರಿಪಡಿಸಿ, ಅಂಚು ಕತ್ತರಿಸಿ. ಚೌಕಟ್ಟಿನ ಒಳಗಿರುವ ಒಂದು ಕಲ್ಲನ್ನೂ ತೆಗೆಯುವಂತಿಲ್ಲ, ಸೇರಿಸುವಂತಿಲ್ಲ. 2014ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ, ಪುಲಿಟ್ಜರ್ ಪತ್ರಿಕೋದ್ಯಮ ಪ್ರಶಸ್ತಿ ಪಡೆದ ತಂಡದಲ್ಲಿದ್ದ ಒಬ್ಬ ಫೋಟೊಗ್ರಾಫರ್ ಜೊತೆಗಿನ ಸಂಬಂಧವನ್ನೇ ಕಡಿದುಕೊಂಡಿತು. ಅವರು ಸಿರಿಯಾದಲ್ಲಿ ತೆಗೆದ ಚಿತ್ರದ ಮೂಲೆಯಲ್ಲಿದ್ದ ಇನ್ನೊಬ್ಬರ ವಿಡಿಯೊ ಕ್ಯಾಮೆರಾವನ್ನು ಅಳಿಸಿದ್ದರು, ಅಷ್ಟೇ. ಒಂದು ಚಿತ್ರ ಸುಳ್ಳಾದರೆ ಉಳಿದೆಲ್ಲದರ ಮೇಲೂ ಅನುಮಾನ ಬರುತ್ತದೆ. ಮೊಬೈಲಿನ ಎಐ ಅಳಿಸುವ ಬಟನ್ನಿಗೂ ಇದೇ ನಿಯಮ. ಮುಂದಿನ ಸಲ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ತೆಗೆಯಿರಿ, ಬುಟ್ಟಿ ತಾನಾಗಿ ಹೊರಗೆ ಹೋಗುತ್ತದೆ.

ಪ್ರತಿಯೊಬ್ಬರ ಅನುಮತಿ ಕೇಳ್ಬೇಕಾ? ಯಾರಾದ್ರೂ 'ಡಿಲೀಟ್ ಮಾಡು' ಅಂದ್ರೆ?

ತೆರೆದ ಮೈದಾನದ ಪಂದ್ಯ, ಎಲ್ಲರೂ ಬರುವ ಸಮಾರಂಭಕ್ಕೆ ಸಂಘಟಕರಿಗೆ ಹೇಳಿದರೆ ಸಾಕು. ಹಾಸ್ಟೆಲ್, ಡ್ರೆಸ್ಸಿಂಗ್ ರೂಮ್, ಆಸ್ಪತ್ರೆ, ಯಾರದೋ ಮನೆ ಇಲ್ಲೆಲ್ಲ ಪ್ರತಿ ಸಲವೂ ಕೇಳಲೇಬೇಕು. ಪಿ.ಯು. ವಿದ್ಯಾರ್ಥಿಗಳು ಬಹುಪಾಲು 18 ತುಂಬದವರು ಎಂಬುದು ನೆನಪಿರಲಿ. ಹತ್ತಿರದಿಂದ ಅವರ ಕಥೆ ಮಾಡುವುದಾದರೆ ಮನೆಯವರಿಗೂ ಗೊತ್ತಿರಬೇಕು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಗುರುತು ಸಿಗುವಂಥ ಚಿತ್ರ ಪ್ರಕಟಿಸುವುದು ಪೋಕ್ಸೊ ಕಾಯ್ದೆಯಡಿ ಅಪರಾಧ.

ಡಿಲೀಟ್ ಮಾಡು ಅಂದವರ ಜೊತೆ ವಾದಕ್ಕಿಳಿಯಬೇಡಿ. ಯಾಕೆ ಎಂದು ಕೇಳಿ. ಹುಡುಗಿಯೊಬ್ಬಳು "ನಾಟಕದಲ್ಲಿರೋದು ಮನೇಲಿ ಗೊತ್ತಿಲ್ಲ" ಅಂದಿದ್ದಳು. ಆ ಒಂದು ಚಿತ್ರದಿಂದ ಅವಳ ರಂಗಭೂಮಿಯೇ ನಿಂತುಹೋಗುತ್ತಿತ್ತು. ನಾನು ಅಳಿಸಿದೆ. ಆದರೆ ದುಡ್ಡು ತಿಂದದ್ದು, ರ‍್ಯಾಗಿಂಗ್ ಮಾಡಿದ್ದು ಚಿತ್ರದಲ್ಲಿ ಬಂದಿದೆ ಎಂಬ ಕಾರಣಕ್ಕೆ ಅಳಿಸು ಅಂದರೆ ಅದು ಬೇರೆ ಮಾತು. ಅಲ್ಲಿ ಅಳಿಸದೆ, ಹಂಚದೆ, ನಂಬಿಕೆಯ ಅಧ್ಯಾಪಕರ ಹತ್ತಿರ ಹೋಗಿ.

ಹೆಸರೂ ಹಾಕದೆ ನನ್ನ ಫೋಟೊ ಬಳಸ್ಕೊಂಡಿದ್ದಾರೆ. ಕೇಳೋ ಹಕ್ಕಿದೆಯಾ?

ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಚಿತ್ರದ ಮೊದಲ ಹಕ್ಕುದಾರರು ಸಾಮಾನ್ಯವಾಗಿ ತೆಗೆದವರೇ. ದುಡ್ಡು ಕೊಟ್ಟು ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಕ್ಕು ತೆಗೆಸಿದವರಿಗೆ ಹೋಗುತ್ತದೆ. ಆಗಲೂ ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಹಕ್ಕು ನಿಮ್ಮದೇ. ಆದ್ದರಿಂದ ಯಾರಿಗೆ ಚಿತ್ರ ಕೊಟ್ಟರೂ "ಹೆಸರು ಹಾಕಿ ಬಳಸಿ" ಎಂದು ಒಂದು ಸಾಲು ಬರೆದು ಕೊಡಿ. ವ್ಯಾರವಾಲಾ ಅವರ ಆರಂಭದ ಚಿತ್ರಗಳು ಅವರ ಗಂಡನ ಹೆಸರಲ್ಲಿ ಅಚ್ಚಾದವು. ಹೆಣ್ಣುಮಗಳು, ಹೊಸಬಳು ಎಂಬ ಕಾರಣಕ್ಕೆ. ಹೆಸರು ಕೇಳುವುದು ಅಹಂಕಾರ ಎಂದು ಯಾರಾದರೂ ಅಂದರೆ ಇದನ್ನು ನೆನಪಿಸಿ.

## ಇನ್ನೂ ಮುಂದೆ

ಕಾಲೇಜಲ್ಲಿ ಪ್ರತಿಭಟನೆ ಆಗ್ತಿದೆ. ಎರಡೂ ಕಡೆ ನನ್ನ ಫ್ರೆಂಡ್ಸೇ. ಹೇಗೆ ತೆಗೀಲಿ?

ಘೋಷಣೆ ಕೂಗಬೇಕು ಅನ್ನಿಸಿದರೆ ಕ್ಯಾಮೆರಾ ಕೆಳಗಿಟ್ಟು ಕೂಗಿ, ತಪ್ಪೇನಿಲ್ಲ. ಒಂದೇ ದಿನ ಎರಡನ್ನೂ ಮಾಡಬೇಡಿ. ತೆಗೆಯುವುದಾದರೆ ಎರಡೂ ಕಡೆಯವರ ಹತ್ತಿರ ಹೋಗಿ, ಕಾವಲಿಗೆ ನಿಂತ ಪೊಲೀಸರನ್ನೂ, ಬಾಗಿಲ ಸಂದಿಯಿಂದ ನೋಡುವ ಗುಮಾಸ್ತರನ್ನೂ ನೋಡಿ. ಹತ್ತು ಜನರನ್ನು ಹತ್ತಿರದಿಂದ ತೆಗೆದು ನೂರು ಜನರ ಹಾಗೆ ತೋರಿಸುವುದು ಸುಲಭ, ಆದ್ದರಿಂದ ದೂರದ ಚಿತ್ರವೂ ಒಂದಿರಲಿ. ತಳ್ಳಾಟ ಶುರುವಾದರೆ ಮೊದಲು ಹೊರಗೆ ಬರುವ ದಾರಿ ನೋಡಿಕೊಳ್ಳಿ.

ಬಿಡಿ ಫೋಟೊ ಚೆನ್ನಾಗಿ ಬರುತ್ತೆ. ಆದ್ರೆ ಕಥೆ ಆಗ್ತಿಲ್ಲ. ಹತ್ತು ಫೋಟೊದಲ್ಲಿ ಕಥೆ ಹೇಳೋದು ಹೇಗೆ?

ಕ್ಲಬ್ಬನ್ನು ಬಿಟ್ಟು ಒಬ್ಬರನ್ನು ಹಿಡಿಯಿರಿ. "ಯಕ್ಷಗಾನ ತಂಡ" ಎಂದು ಹೊರಟರೆ ಹತ್ತು ಗುಂಪುಚಿತ್ರ ಬರುತ್ತವೆ. "ವಿಜ್ಞಾನ ಓದುತ್ತಾ ಪುಂಡುವೇಷ (ಎಳೆಯ ವೀರರ ಪಾತ್ರ) ಮಾಡುವ ಹುಡುಗಿ" ಎಂದು ಹೊರಟರೆ ದಾರಿ ತೆರೆಯುತ್ತದೆ.

ಕರಾವಳಿಯ ಒಂದು ಕಾಲೇಜಿನಲ್ಲಿ ಅಂಥ ಹುಡುಗಿಯ ಜೊತೆ ಎರಡು ತಿಂಗಳು ಓಡಾಡಿದ್ದೆ. ಪ್ರದರ್ಶನದ ಸಂಜೆ ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಅವಳು ನೆಲಕ್ಕೆ ಕೂತು, ಎಡಗೈಯಲ್ಲಿ ಕನ್ನಡಿ ಹಿಡಿದು, ಹುಬ್ಬು ತಿದ್ದುತ್ತಿದ್ದಳು. ಪಕ್ಕದಲ್ಲಿ ಬಣ್ಣದ ಬಟ್ಟಲು. ಬಟ್ಟಲಿಗೆ ಒತ್ತಿಕೊಂಡೇ ಕೆಮಿಸ್ಟ್ರಿ ರೆಕಾರ್ಡ್, ಮರುದಿನ ಸಹಿ ಮಾಡಿಸಬೇಕಿತ್ತಂತೆ. ಅದರ ರಟ್ಟಿನ ಮೇಲೆ ಕೆಂಪು ಬಣ್ಣದ ಹೆಬ್ಬೆರಳ ಗುರುತು. ವೇಷ ಕಟ್ಟುವವರು ಹಿಂದಿನಿಂದ ಹುರಿ ಬಿಗಿದಾಗ ಒಮ್ಮೆ ಉಸಿರು ಹಿಡಿದಳು. ನಾನು ರಂಗಸ್ಥಳದಲ್ಲಿ ಅವಳ ಕುಣಿತದ ಇನ್ನೂರು ಚಿತ್ರ ತೆಗೆದಿದ್ದೆ. ಕೊನೆಗೆ ಕಥೆಯ ನಡುಮಧ್ಯೆ ನಿಂತದ್ದು ಆ ಹೆಬ್ಬೆರಳ ಗುರುತು.

ಹಾಗಾಗಿ ಚಿತ್ರಗಳನ್ನು ಹೀಗೆ ಹುಡುಕಿ: ಜಾಗ ತೋರಿಸುವ ದೂರದ್ದೊಂದು, ಮುಖ ಒಂದು, ಕೈ ಅಥವಾ ವಸ್ತುವಿನ ಸಮೀಪದ್ದೊಂದು, ಇಬ್ಬರ ನಡುವೆ ನಡೆಯುವುದೊಂದು, ಅವರು ಒಬ್ಬರೇ ಇದ್ದಾಗಿನದೊಂದು. ಉಳಿದದ್ದು ಆ ವ್ಯಕ್ತಿಯ ದಿನವೇ ಕೊಡುತ್ತದೆ. ಎಲ್ಲವನ್ನೂ ಅಂಗೈಯಗಲಕ್ಕೆ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡಿ. ಒಂದನ್ನು ತೆಗೆದರೆ ಕಥೆ ಕುಂಟುವುದಿಲ್ಲ ಅಂದರೆ ಅದು ಬೇಡ, ಎಷ್ಟೇ ಚೆಂದ ಇರಲಿ.

ಪತ್ರಿಕೆಯವರಿಗೆ ಏನು ಕಳಿಸ್ಬೇಕು? ಪೋರ್ಟ್‌ಫೋಲಿಯೊಗೆ ನೂರು ಫೋಟೊ ಇದೆ.

ಇಪ್ಪತ್ತಕ್ಕೆ ಇಳಿಸಿ: ಎರಡು ಸಣ್ಣ ಕಥೆ, ಜೊತೆಗೆ ಬಿಡಿ ಚಿತ್ರ ಆರೋ ಎಂಟೋ. ಎಲ್ಲದಕ್ಕೂ ಕ್ಯಾಪ್ಷನ್ ಇರಲಿ, ಮೂಲ ಫೈಲನ್ನು ಜೋಪಾನವಾಗಿಡಿ. ಕೇಳಿದರೆ ತೋರಿಸಬೇಕಾಗುತ್ತದೆ. ಪತ್ರಿಕೆಗೆ ಕಳಿಸುವುದಾದರೆ ಕಾರ್ಯಕ್ರಮ ನಡೆದ ಸಂಜೆಯೇ ಕಳಿಸಿ, ಮೂರನೇ ದಿನ ಅದು ಸುದ್ದಿಯಲ್ಲ.

ಅದಕ್ಕೂ ಮುಂಚೆ ಇನ್ನೊಂದು ಕೆಲಸವಿದೆ. ಆ ಇಪ್ಪತ್ತರಲ್ಲಿ ಯಾರ್ಯಾರು ಇದ್ದಾರೋ ಅವರಿಗೆಲ್ಲ ಒಂದೊಂದು ಪ್ರಿಂಟ್ ಕೊಟ್ಟು ಬನ್ನಿ. ಮೊಬೈಲಿಗೆ ಕಳಿಸಬೇಡಿ, ಕೈಗೆ ಕೊಡಿ, ಅವರು ನೋಡುವಾಗ ಪಕ್ಕದಲ್ಲೇ ನಿಲ್ಲಿ. ಲೈಬ್ರರಿಯ ಅಟೆಂಡರ್ ಒಬ್ಬರು ನಾನು ಕೊಟ್ಟ ಪ್ರಿಂಟನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಗೋಂದು ಹಚ್ಚೋ ಬ್ರಶ್ಶೂ ಬಂದಿದೆ ನೋಡಿ" ಅಂದಿದ್ದರು.